ಲಾರಿಯ ಗವರ್ನರ್ ಮತ್ತು ಸರಕಿನವರ ಅವಸರ

ಈ ಸಂಚಿಕೆಯ ಪಾಠಕ್ಕೆ ನಾವು ಆರಿಸಿಕೊಂಡಿರುವ ವಿಷಯ ಗೊಬ್ಬರವೂ ಅಲ್ಲ, ಕೊಳೆರೋಗವೂ ಅಲ್ಲ. ನಮ್ಮ ಕಾಫಿ, ಅಡಿಕೆ ಅಂಗಳ ಬಿಟ್ಟು ಹೊರಟ ಮೇಲೆ ಅವುಗಳ ಕ್ಷೇಮ ಯಾವುದರ ಮೇಲೆ ನಿಂತಿರುತ್ತದೋ ಆ ಲಾರಿ, ಅದರಲ್ಲೂ ಲಾರಿಯ ವೇಗಕ್ಕೆ ಕಡಿವಾಣ ಹಾಕುವ ಒಂದು ಸಣ್ಣ ಸಾಧನ. ಇದನ್ನು ಬಿಚ್ಚಿಸುವುದು, ಕಳಚಿಡುವುದು, ‘ಲಾಕ್ ತೆಗೆಸುವುದು’ ಈಗ ಗುಟ್ಟಿನ ಸಂಗತಿಯಾಗಿ ಉಳಿದಿಲ್ಲ. ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಪಂಕ್ಚರ್ ಹಾಕಿಸುವಷ್ಟೇ ಸಲೀಸಾಗಿ ಇದರ ಮಾತು ನಡೆಯುತ್ತದೆ.

ಇದು ಲಾರಿ ಮಾಲೀಕರಿಗೆ ಸಂಬಂಧಿಸಿದ್ದು, ಬೆಳೆಗಾರರಿಗೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ನಮ್ಮಲ್ಲಿ ಎಷ್ಟೋ ಮಂದಿ ಇಂದು ಹಳದಿ ಬೋರ್ಡಿನ ಪಿಕಪ್ ಇಟ್ಟುಕೊಂಡಿದ್ದಾರೆ, ಅವುಗಳಿಗೂ ಈ ನಿಯಮ ಅನ್ವಯಿಸುತ್ತದೆ ಎಂಬುದು ಒಂದು ಕಾರಣ. ಅಡಿಕೆಯನ್ನು ಕ್ವಿಂಟಾಲಿಗೆ 45 ಸಾವಿರ ರೂಪಾಯಿಯಂತೆ ಲೆಕ್ಕ ಹಿಡಿದರೂ 10 ಟನ್ನಿನ ಒಂದು ಲೋಡಿನಲ್ಲಿ 45 ಲಕ್ಷದ ಸರಕು ಇರುತ್ತದೆ ಎಂಬುದು ಇನ್ನೊಂದು. ಮೂರನೆಯ ಕಾರಣ ಸ್ವಲ್ಪ ಕಹಿಯಾದದ್ದು. ಗವರ್ನರನ್ನು ಬಿಚ್ಚುವ ಕೈ ಮೆಕ್ಯಾನಿಕ್ಕನದೇ ಇರಬಹುದು, ಬಿಚ್ಚಿಸುವ ಒತ್ತಡ ಮಾತ್ರ ಬಹುಪಾಲು ಗೋದಾಮಿನ ಬಾಗಿಲಲ್ಲಿ ಹುಟ್ಟುತ್ತದೆ. ಆ ಬಾಗಿಲಲ್ಲಿ ನಿಲ್ಲುವವರು ಸರಕಿನವರು, ಅಂದರೆ ಬೆಳೆಗಾರರು, ವ್ಯಾಪಾರಸ್ಥರು, ಸಹಕಾರ ಸಂಘಗಳು.

ಗವರ್ನರ್ ಎಂದರೇನು?

ಪಲ್ಪರ್ ನಡೆಸುವ ಹಳೆಯ ಡೀಸೆಲ್ ಎಂಜಿನ್ ಕಂಡವರಿಗೆ ಗವರ್ನರ್ ಹೊಸದಲ್ಲ. ಹಣ್ಣು ಹಾಕಿದೊಡನೆ ಎಂಜಿನ್ನಿನ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ತಾನಾಗಿಯೇ ಏರುತ್ತದೆಯಲ್ಲ, ಅದು ಗವರ್ನರಿನ ಕೆಲಸ. ಎಂಜಿನ್ನಿನೊಂದಿಗೆ ತಿರುಗುವ ಎರಡು ತೂಕದ ತುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಅಗಲಿ ಡೀಸೆಲನ್ನು ಕಡಿಮೆ ಮಾಡುತ್ತವೆ, ವೇಗ ತಗ್ಗಿದಾಗ ಒಳಕ್ಕೆ ಸರಿದು ಹೆಚ್ಚಿಗೆ ಬಿಡುತ್ತವೆ. ಜೇಮ್ಸ್ ವ್ಯಾಟ್ 1788ರಲ್ಲಿ ಆವಿಯಂತ್ರಕ್ಕೆ ಅಳವಡಿಸಿದ್ದೂ ಇದೇ ತತ್ತ್ವವನ್ನೇ.

ಲಾರಿಯಲ್ಲಿ ಎರಡು ಬೇರೆ ಬೇರೆ ಸಂಗತಿಗಳಿಗೆ ಇದೇ ಹೆಸರು ಬಿದ್ದು ಗೊಂದಲವಾಗಿದೆ. ಹಳೆಯ ಲಾರಿಗಳ ಡೀಸೆಲ್ ಪಂಪಿನೊಳಗೇ ಒಂದು ಗವರ್ನರ್ ಇರುತ್ತದೆ. ಅದು ನೋಡುವುದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಮಾತ್ರ. ಅದರ ಮೇಲೆ ತಂತಿ ಹಾಕಿ ಸೀಸದ ಸೀಲು ಒತ್ತಿರುತ್ತಾರೆ. ನಾವು ಇಲ್ಲಿ ಹೇಳಹೊರಟಿರುವುದು ಎರಡನೆಯದನ್ನು, ಅಂದರೆ ವೇಗ ನಿಯಂತ್ರಕವನ್ನು. ಇದು ಗಾಲಿಗಳ ಓಟವನ್ನು ನೋಡುತ್ತದೆ. ಗೇರ್ ಬಾಕ್ಸಿನ ಹಿಂಬದಿಯ ಸೆನ್ಸರಿನಿಂದ ವಾಹನದ ವೇಗವನ್ನು ತಿಳಿದುಕೊಂಡು, ನಿಗದಿಯಾದ ಅಂಕಿ ಮುಟ್ಟಿದೊಡನೆ ಎಂಜಿನ್ನಿಗೆ ಹೆಚ್ಚಿನ ಡೀಸೆಲ್ ಹೋಗದಂತೆ ತಡೆಯುತ್ತದೆ. ಹಳೆಯ ವಾಹನಗಳಿಗೆ ಇದನ್ನು ಹೊರಗಿನಿಂದ ಒಂದು ಪೆಟ್ಟಿಗೆಯಾಗಿ ಜೋಡಿಸಿದ್ದಾರೆ. ಕೆಲವು ಡೀಸೆಲ್ ಕೊಳವೆಯ ಮೇಲೆ ಕೆಲಸ ಮಾಡುತ್ತವೆ, ಕೆಲವು ಆಕ್ಸಿಲರೇಟರಿನ ಮೇಲೆ. ಹೊಸ ವಾಹನಗಳಲ್ಲಿ ಎಂಜಿನ್ನನ್ನು ನಡೆಸುವ ಕಂಪ್ಯೂಟರಿನೊಳಗೇ ಇದು ಸೇರಿಹೋಗಿದೆ.

ಇದು ಡೀಸೆಲನ್ನು ತಡೆಯುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ಘಾಟಿಯ ವಿಚಾರಕ್ಕೆ ಬಂದಾಗ ಈ ಮಾತು ಬೇಕಾಗುತ್ತದೆ.

ಕಾನೂನು ಹೇಳುವುದು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 118ನೆಯ ನಿಯಮವು ವೇಗ ನಿಯಂತ್ರಕದ್ದು. 2015ರ ಏಪ್ರಿಲ್‌ನಲ್ಲಿ ಇದಕ್ಕೆ ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿ.ಮೀ. ಮೀರದಂತೆ ನಿಯಂತ್ರಕ ಇರಲೇಬೇಕೆಂದಾಯಿತು. ಶಾಲಾ ಬಸ್ಸು, ಟ್ಯಾಂಕರ್, ಟಿಪ್ಪರುಗಳಿಗೆ 60 ಕಿ.ಮೀ. ದ್ವಿಚಕ್ರ, ತ್ರಿಚಕ್ರ ವಾಹನಗಳು, ಸಣ್ಣ ಪ್ರಯಾಣಿಕ ಕಾರುಗಳು, ಆಂಬುಲೆನ್ಸ್, ಅಗ್ನಿಶಾಮಕ ಮತ್ತು ಪೊಲೀಸ್ ವಾಹನಗಳಿಗೆ ವಿನಾಯಿತಿ ಇದೆ. ಸರಕಿನ ಪಿಕಪ್ಪಿಗೆ ವಿನಾಯಿತಿ ಇಲ್ಲ. ಹೊಸ ಪಿಕಪ್ ಕೊಂಡ ಸದಸ್ಯರು ‘ಎಂಬತ್ತರ ಮೇಲೆ ಓಡುವುದೇ ಇಲ್ಲ, ಗಾಡಿಯಲ್ಲಿ ಏನೋ ದೋಷ’ ಎಂದು ಷೋರೂಮಿಗೆ ಹೋಗಿ ಕೇಳುವುದುಂಟು. ಅದು ದೋಷವಲ್ಲ, ನಿಯಮ.

ಬಿಚ್ಚಿಸಿದರೆ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ 182ಎ ಪ್ರಕರಣವೊಂದು ಸೇರಿತು. ಕಾಯ್ದೆಯಲ್ಲಿ ಅನುಮತಿ ಇಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಗಮನಿಸಿ, ಇಲ್ಲಿ ಹೇಳಿರುವುದು ಮಾಲೀಕನನ್ನು. ‘ಡ್ರೈವರ್ ಮಾಡಿಸಿದ್ದು, ನನಗೆ ಗೊತ್ತೇ ಇಲ್ಲ’ ಎಂಬ ಮಾತು ಕೋರ್ಟಿನಲ್ಲಿ ಎಷ್ಟು ದೂರ ನಡೆದೀತು ಎಂಬುದನ್ನು ಪಿಕಪ್ ಇಟ್ಟವರು ಯೋಚಿಸಬೇಕು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಇಂಥ ಮಾರ್ಪಾಡೇ ಒಂದು ಆಧಾರವಾಗಬಹುದು.

ಆದರೆ ನಮ್ಮ ಓದುಗರಿಗೆ ಮುಖ್ಯವಾದದ್ದು, ಹೆಚ್ಚಿನವರ ಕಣ್ಣಿಗೆ ಬೀಳದೆ ಉಳಿದಿರುವುದು, 183ನೆಯ ಪ್ರಕರಣ. ಅತಿವೇಗಕ್ಕೆ ಶಿಕ್ಷೆ ಹೇಳುವ ಪ್ರಕರಣವದು. ಮಧ್ಯಮ ಮತ್ತು ಭಾರಿ ಸರಕು ವಾಹನಕ್ಕೆ 2,000ದಿಂದ 4,000 ರೂಪಾಯಿ ದಂಡ. ಓಡಿಸಿದವನಿಗಷ್ಟೇ ಅಲ್ಲ, ತನ್ನ ನೌಕರನಿಂದ ಅಥವಾ ತನ್ನ ಅಧೀನದಲ್ಲಿರುವವನಿಂದ ಹಾಗೆ ಓಡಿಸಿದವನಿಗೂ ಅದು ಅನ್ವಯಿಸುತ್ತದೆ. ಅದರ 4ನೆಯ ಉಪಪ್ರಕರಣ ಇನ್ನೂ ಮುಂದೆ ಹೋಗುತ್ತದೆ. ಇಷ್ಟು ವೇಳೆಯೊಳಗೆ ಪ್ರಯಾಣ ಮುಗಿಸಬೇಕೆಂದು ಯಾರಾದರೂ ವೇಳಾಪಟ್ಟಿ ಪ್ರಕಟಿಸಿದ್ದರೆ ಅಥವಾ ಸೂಚನೆ ಕೊಟ್ಟಿದ್ದರೆ, ವೇಗದ ಮಿತಿ ಮೀರದೆ ಅದು ಸಾಧ್ಯವಿರಲಿಲ್ಲವೆಂದು ನ್ಯಾಯಾಲಯಕ್ಕೆ ಕಂಡುಬಂದರೆ, ಆ ಸೂಚನೆಯೇ ಸೂಚನೆ ಕೊಟ್ಟವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯ ಎನಿಸುತ್ತದೆ. ‘ಬೆಳಗ್ಗೆ ಆರಕ್ಕೆ ಮಾಲು ಅಲ್ಲಿರಬೇಕು, ಹೇಗಾದರೂ ಮಾಡು’ ಎಂದು ಚೀಟಿಯಲ್ಲಿ ಬರೆದುಕೊಡುವವರೂ ಫೋನಿನಲ್ಲಿ ಸಂದೇಶ ಕಳಿಸುವವರೂ ಇದನ್ನು ಎರಡು ಸಲ ಓದಬೇಕು. ಬಾಡಿಗೆ ಲಾರಿಯ ಚಾಲಕ ನಮ್ಮ ನೌಕರನಲ್ಲ, ನಿಜ. ಸ್ವಂತ ಗಾಡಿಗೆ ಸಂಬಳದ ಚಾಲಕನನ್ನು ಇಟ್ಟುಕೊಂಡವರಿಗೆ ಆ ಸಮಾಧಾನವೂ ಇಲ್ಲ.

ಚಾಲಕ ಏಕೆ ಬಿಚ್ಚಿಸುತ್ತಾನೆ?

ಚಾಲಕರನ್ನು ಬೈಯುವುದು ಸುಲಭ. ಲಾರಿ ಚಾಲಕನಿಗೆ ಬಹುಮಟ್ಟಿಗೆ ದುಡ್ಡು ಸಿಗುವುದು ಟ್ರಿಪ್ಪಿನ ಲೆಕ್ಕದಲ್ಲಿ, ಗಂಟೆಯ ಲೆಕ್ಕದಲ್ಲಲ್ಲ. ಗೋದಾಮಿನೆದುರು ಲೋಡಿಗಾಗಿ ಕಾದ ಐದು ಗಂಟೆಗೆ ಅವನಿಗೆ ಸಿಗುವುದು ಸೊನ್ನೆ. ಆ ಐದು ಗಂಟೆಯನ್ನು ಅವನು ರಸ್ತೆಯ ಮೇಲೆ ಹುಡುಕಿಕೊಳ್ಳಬೇಕು. ಊಟದಲ್ಲಿ ಸ್ವಲ್ಪ, ನಿದ್ದೆಯಲ್ಲಿ ಬಹಳ, ಉಳಿದದ್ದು ಆಕ್ಸಿಲರೇಟರಿನಲ್ಲಿ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯೇ ದಿನಕ್ಕೆ 8 ಗಂಟೆಯ ದುಡಿಮೆ ಎಂಬ ಮಾತನ್ನು ಹೇಳಿತ್ತು. ಘಾಟಿಯ ಮೇಲಿನ ಹೋಟೆಲಿನಲ್ಲಿ ಬೆಳಗಿನ ಜಾವ ಚಹಾ ಕುಡಿಯುವ ಚಾಲಕರನ್ನು ಅದರ ಬಗ್ಗೆ ಕೇಳಿದರೆ ಅವರು ನಗುತ್ತಾರೆ.

ಹಿಂದೆ ಕಾಫಿಗೆ ಇಷ್ಟು ತರಾತುರಿ ಇರಲಿಲ್ಲ. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಮಾಲು ಇಂದು ತಲುಪಿದರೂ ನಾಳೆ ತಲುಪಿದರೂ ಬೆಲೆಯಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ, ಹಣ ಬರುವಾಗ ಬರುತ್ತಿತ್ತು. 1992ರಿಂದ ಹಂತಹಂತವಾಗಿ ಕಟ್ಟು ಸಡಿಲಗೊಂಡು 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂದ ಮೇಲೆ ಬೆಲೆ ದಿನದಿನಕ್ಕೆ ಏರಿಳಿಯತೊಡಗಿತು. ಅಡಿಕೆಯ ಪಾಡಂತೂ ಮೊದಲಿನಿಂದ ಹಾಗೆಯೇ. ಮುಕ್ತ ಮಾರಾಟ ಬೇಡವಾಗಿತ್ತೆಂದು ನಾವು ಹೇಳುತ್ತಿಲ್ಲ. ಬೆಲೆಯ ಭಯ ಲಾರಿಯ ಚಕ್ರಕ್ಕೂ ತಗಲಿಕೊಂಡಿತು ಎಂದಷ್ಟೇ ಹೇಳುತ್ತಿದ್ದೇವೆ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಕಡೆಯಿಂದ ಕರಾವಳಿಗೆ ಇಳಿಯುವ ದಾರಿಯಲ್ಲಿ ಲಾರಿ ಎಂಬತ್ತರ ಮೇಲೆ ಓಡಬಲ್ಲ ನೇರ ರಸ್ತೆ 60 ಕಿ.ಮೀ. ಇದೆ ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. 80ರ ವೇಗದಲ್ಲಿ ಅದಕ್ಕೆ 45 ನಿಮಿಷ. ಗವರ್ನರ್ ಬಿಚ್ಚಿಸಿ 95ರಲ್ಲಿ ಓಡಿಸಿದರೆ 38 ನಿಮಿಷ. ಉಳಿದದ್ದು 7 ನಿಮಿಷ. ಈ ಏಳು ನಿಮಿಷ ಕೂಡ ಎದುರಿಗೆ ಬಸ್ಸು, ದನ, ರಸ್ತೆ ಉಬ್ಬು ಯಾವುದೂ ಬಾರದಿದ್ದರೆ ಮಾತ್ರ. ಟಾರ್ಪಾಲು ಸಿಗಲಿಲ್ಲವೆಂದು, ಹಮಾಲರು ಊಟಕ್ಕೆ ಹೋದರೆಂದು, ಬಿಲ್ಲು ಬರೆಯುವವರು ಬಂದಿಲ್ಲವೆಂದು ಗೋದಾಮಿನಲ್ಲಿ ಕಳೆಯುವ ವೇಳೆಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಆ 15 ಕಿ.ಮೀ. ಹೆಚ್ಚುವರಿ ವೇಗದ ಬೆಲೆ ಏನು? ಚಾಲಕ ಅಪಾಯ ಕಂಡು ಕಾಲನ್ನು ಬ್ರೇಕಿಗೆ ತರಲು ಒಂದೂವರೆ ಸೆಕೆಂಡು, ಲೋಡಾದ ಲಾರಿಗೆ ಒಣ ರಸ್ತೆ, ಒಳ್ಳೆಯ ಬ್ರೇಕು ಎಂದು ಹಿಡಿದು ಲೆಕ್ಕ ಹಾಕಿದರೆ, 60ರ ವೇಗದಲ್ಲಿ ಲಾರಿ ನಿಲ್ಲಲು ಸುಮಾರು 60 ಮೀಟರ್ ಬೇಕು. 80ರಲ್ಲಿ 95 ಮೀಟರ್, 95ರಲ್ಲಿ 127 ಮೀಟರ್. ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಬಹುದು. 80ರಲ್ಲಿ ಬರುತ್ತಿದ್ದ ಲಾರಿ ಪೂರ್ತಿ ನಿಂತುಬಿಡುವ ಜಾಗವನ್ನು 95ರ ಲಾರಿ ಮುಟ್ಟುವಾಗ ಅದು ಇನ್ನೂ ಗಂಟೆಗೆ 57 ಕಿ.ಮೀ. ವೇಗದಲ್ಲಿರುತ್ತದೆ. ಆ ಜಾಗದಲ್ಲಿ ಶಾಲೆಗೆ ಹೊರಟ ಮಗುವಿದ್ದರೆ ಮುಂದಿನದನ್ನು ಬರೆಯಬೇಕಿಲ್ಲ. ಮಳೆಗಾಲದ ರಸ್ತೆಯಲ್ಲಿ ಈ ಅಂಕಿಗಳೆಲ್ಲ ಇನ್ನೂ ಬೆಳೆಯುತ್ತವೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ಚಾಲಕರ ಒಂದು ಆಕ್ಷೇಪಣೆಯನ್ನು ಮಾತ್ರ ನಾವು ತಳ್ಳಿಹಾಕುವಂತಿಲ್ಲ. ಓವರ್‌ಟೇಕ್ ಮಾಡುವಾಗ ಗವರ್ನರ್ ಕೈಕೊಡುತ್ತದೆ, ಎದುರಿನ ಗಾಡಿ ಬರುವ ಹೊತ್ತಿಗೆ ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತೇವೆ ಎನ್ನುತ್ತಾರೆ. ಲೆಕ್ಕ ಅವರ ಪರವಾಗಿಯೇ ಇದೆ. 70ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟಲು ಸುಮಾರು 18 ಸೆಕೆಂಡು ಹಿಡಿಯುತ್ತದೆ, ಅಷ್ಟರಲ್ಲಿ ನಮ್ಮ ಲಾರಿ 400 ಮೀಟರ್ ಓಡಿರುತ್ತದೆ. ಎದುರಿನವನೂ ಅಷ್ಟೇ ಓಡಿ ಬರುತ್ತಾನೆಂದರೆ 800 ಮೀಟರ್ ದೂರ ಕಣ್ಣಿಗೆ ಕಾಣುತ್ತಿರಬೇಕು. ಮಲೆನಾಡಿನ ಯಾವ ಎರಡು ಪಥದ ರಸ್ತೆಯಲ್ಲಿ 800 ಮೀಟರ್ ಕಾಣುತ್ತದೆ? ಅಂಥ ಕಡೆ 80ರಲ್ಲೂ ದಾಟಬಾರದು, 95ರಲ್ಲೂ ದಾಟಬಾರದು. ಹಿಂದೆಯೇ ಹೋಗಬೇಕು. ಕೆಟ್ಟದಾಗಿ ಜೋಡಿಸಿದ ಹೊರಪೆಟ್ಟಿಗೆಗಳು 50, 60ರಲ್ಲಿಯೇ ಡೀಸೆಲ್ ಕಚ್ಚಿ ಎಂಜಿನ್ ಎಳೆಯದಂತೆ ಮಾಡುವುದೂ ಉಂಟು. ಅಂಥ ದೂರು ಹೇಳುವ ಚಾಲಕನ ಮಾತು ನಿಜವಿರಬಹುದು. ಅದಕ್ಕೆ ಮದ್ದು ಅಧಿಕೃತ ಕೇಂದ್ರದಲ್ಲಿ ಸರಿಪಡಿಸಿ ಮತ್ತೆ ಸೀಲು ಹಾಕಿಸುವುದು. ವೈರು ಕಿತ್ತು ಬಿಡುವುದಲ್ಲ. ನೆಟ್ಟಗಿರುವ ಗವರ್ನರ್ ಎಂಬತ್ತರ ಕೆಳಗೆ ಎಂಜಿನ್ನಿನ ಬಲವನ್ನು ಒಂದು ಗುಲಗಂಜಿಯಷ್ಟೂ ಕಸಿಯುವುದಿಲ್ಲ. ಘಾಟಿ ಹತ್ತುವಾಗ ಲಾರಿ 20, 25ರಲ್ಲಿ ಏದುಸಿರು ಬಿಡುತ್ತಿರುತ್ತದೆ, ಗವರ್ನರ್ ಆಗ ನಿದ್ದೆಯಲ್ಲಿರುತ್ತದೆ.

ಘಾಟಿ ಇಳಿಯುವಾಗ

ಇಳಿಜಾರಿನ ವಿಷಯದಲ್ಲಿ ಗವರ್ನರ್ ಇದೆಯೆಂದು ನಂಬಿ ಕೂರುವುದೂ ತಪ್ಪು. ಇಳಿಯುವ ಲಾರಿಯನ್ನು ಓಡಿಸುವುದು ಡೀಸೆಲ್ ಅಲ್ಲ, ಅದರ ಸ್ವಂತ ಭಾರ. ಡೀಸೆಲ್ ತಡೆಯುವ ಸಾಧನಕ್ಕೆ ಅಲ್ಲಿ ಹಿಡಿತವೇ ಇಲ್ಲ. ಶಿರಾಡಿಯಲ್ಲಾಗಲಿ ಸಂಪಾಜೆಯಲ್ಲಾಗಲಿ ಲಾರಿಯನ್ನು ಹಿಡಿದು ನಿಲ್ಲಿಸುವುದು ಗೇರು, ಎಕ್ಸಾಸ್ಟ್ ಬ್ರೇಕು, ಕೊನೆಯಲ್ಲಿ ಗಾಲಿಯ ಬ್ರೇಕು.

ಸರಕು ಸೇರಿ 16 ಟನ್ ತೂಗುವ ಲಾರಿ 700 ಮೀಟರ್ ಎತ್ತರ ಇಳಿಯಿತು ಎನ್ನೋಣ. ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 350 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಬಚ್ಚಲ ಹಂಡೆಗಳನ್ನು ನೆನೆದುಕೊಳ್ಳಿ. ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳಬೇಕು, ಅದಕ್ಕೇ ‘ಯಾವ ಗೇರಿನಲ್ಲಿ ಹತ್ತುವೆಯೋ ಅದೇ ಗೇರಿನಲ್ಲಿ ಇಳಿ’ ಎಂದು ಹಳೆಯ ಚಾಲಕರು ಹುಡುಗರಿಗೆ ಕಲಿಸುತ್ತಿದ್ದದ್ದು. ನ್ಯೂಟ್ರಲ್ ಮಾಡಿ ಇಳಿಸಿದರೆ ಈ ಶಾಖವೆಲ್ಲ ಬ್ರೇಕ್ ಡ್ರಮ್ಮಿಗೆ ಬೀಳುತ್ತದೆ. ಡ್ರಮ್ ಕಾದು ಹಿಗ್ಗಿ, ಲೈನರ್ ಸುಟ್ಟ ವಾಸನೆ ಬಂದು, ಪೆಡಲ್ ಎಷ್ಟು ತುಳಿದರೂ ಹಿಡಿಯದಂತಾಗುತ್ತದೆ. ಎಂಜಿನ್ ಬರಿಯ ಐಡ್ಲಿಂಗಿನಲ್ಲಿದ್ದರೆ ಏರ್ ಬ್ರೇಕಿಗೆ ಗಾಳಿ ತುಂಬುವುದೂ ನಿಧಾನ. ಎಂಜಿನ್ ಆಫ್ ಮಾಡಿ ಇಳಿಸುವ ಮಹಾಶಯರೂ ಇದ್ದಾರೆ, ಅವರಿಗೆ ಪವರ್ ಸ್ಟಿಯರಿಂಗೂ ಇಲ್ಲದಾಗುತ್ತದೆ.

ಇಷ್ಟೆಲ್ಲ ಮಾಡುವುದು ಡೀಸೆಲ್ ಉಳಿಸಲೆಂದು. ಅದೂ ಉಳಿಯುವುದಿಲ್ಲ ಎಂಬುದೇ ಇಲ್ಲಿಯ ವಿನೋದ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಸಿದರೆ ಇಂದಿನ ಎಂಜಿನ್ನುಗಳಲ್ಲಿ ಡೀಸೆಲ್ ಸಿಂಪರಣೆಯೇ ನಿಂತುಹೋಗುತ್ತದೆ, ಎಂಜಿನ್ನನ್ನು ಗಾಲಿಗಳೇ ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತನ್ನನ್ನು ತಾನು ನಡೆಸಿಕೊಳ್ಳಲು ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಪಿಕಪ್ ಇಟ್ಟ ಸದಸ್ಯರು ತಮ್ಮ ಚಾಲಕರಿಗೆ ಇದೊಂದನ್ನು ಕೂರಿಸಿ ಹೇಳಿದರೂ ಈ ಪಾಠ ಬರೆದದ್ದು ಸಾರ್ಥಕ.

ಲೋಡಿಗೆ ಮುಂಚೆ ನೋಡಬೇಕಾದದ್ದು

ಗವರ್ನರ್ ಕಳಚಿದೆಯೇ ಎಂದು ಪತ್ತೆ ಹಚ್ಚುವುದು ಬ್ರೇಕ್ ಇನ್‌ಸ್ಪೆಕ್ಟರರ ಕೆಲಸ, ಬೆಳೆಗಾರರದಲ್ಲ. ಎಫ್.ಸಿ. ದಿನ ಜೋಡಿಸಿ, ಮರುದಿನ ಬಿಚ್ಚುವ ಚಾಳಿ ಇರುವಲ್ಲಿ ಅವರಿಗೂ ಅದು ಸುಲಭವಲ್ಲ. ಆದರೂ ಕೆಲವು ಸಂಗತಿಗಳು ಕಣ್ಣಿಗೆ ಕಾಣುತ್ತವೆ. ಹೊರಪೆಟ್ಟಿಗೆ ಇರುವ ಲಾರಿಯಾದರೆ ಸೀಲು ಅಖಂಡವಾಗಿರಬೇಕು, ವೈರು ಜೋತಾಡಬಾರದು. ಸ್ಪೀಡೋಮೀಟರ್ ಕೆಲಸ ಮಾಡದ ಲಾರಿಯನ್ನು ಅನುಮಾನದಿಂದಲೇ ನೋಡಬೇಕು. ಎಷ್ಟೋ ಸಲ ಎರಡಕ್ಕೂ ವೇಗದ ಸುದ್ದಿ ಬರುವುದು ಒಂದೇ ಕಡೆಯಿಂದ. ಹಳೆಯ ಲಾರಿ ನಿಂತಲ್ಲೇ ಕಪ್ಪು ಹೊಗೆ ಕಾರುತ್ತಿದ್ದರೆ ಪಂಪಿನ ಸೀಲನ್ನು ಯಾರೋ ಮುಟ್ಟಿರುವ ಸಂಭವವಿದೆ.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ನಮ್ಮ ಕಡೆಯ ಏರ್ಪಾಡು. ಲಾರಿ ಬರುವ ಮೊದಲೇ ಚೀಲ ಹೊಲಿದು, ತೂಗಿ, ಎಣಿಸಿ ಇಟ್ಟಿರಬೇಕು. ಕಾಗದಪತ್ರ ಹಿಂದಿನ ದಿನವೇ ಆಗಬೇಕು. ಲೋಡು ತಡವಾಗಿ ಮುಗಿದರೆ, ರಾತ್ರಿ ಎಂಟಾದ ಮೇಲೆ ಚಾಲಕನನ್ನು ಹೊರಡಿಸುವ ಬದಲು ಒಂದು ಊಟ, ಒಂದು ಚಾಪೆ ಕೊಟ್ಟು ಬೆಳಗ್ಗೆ ಕಳಿಸಬೇಕು. ಕಾದ ವೇಳೆಗೆ ಇಂತಿಷ್ಟು ಎಂದು ಟ್ರಾನ್ಸ್‌ಪೋರ್ಟಿನವರೊಡನೆ ಮೊದಲೇ ಮಾತಾಡಿ, ಅದು ಮಾಲೀಕನ ಜೇಬಿಗಲ್ಲ, ಚಾಲಕನ ಕೈಗೆ ಹೋಗುವಂತೆ ಮಾಡಬೇಕು. ಬಾಡಿಗೆಯಲ್ಲಿ ಅಲ್ಪಸ್ವಲ್ಪ ಹೆಚ್ಚಾದೀತು. 45 ಲಕ್ಷದ ಮಾಲಿನ ಮುಂದೆ ಅದು ದೊಡ್ಡದೇನಲ್ಲ.

ಸಂಘದಿಂದ ಹೋಗುವ ಲೋಡಿಗೆ ನಾವು ಸಾಗಣೆ ಚೀಟಿಯ ನಮೂನೆಯನ್ನು ಬದಲಿಸಿದ್ದೇವೆ. ‘ತಲುಪಬೇಕಾದ ವೇಳೆ’ ಎಂಬ ಅಂಕಣವನ್ನು ತೆಗೆದುಹಾಕಿ, ಆ ಜಾಗದಲ್ಲಿ ಮೂರು ಅಂಕಣ ಇಟ್ಟಿದೆ: ಲಾರಿ ಗೋದಾಮಿಗೆ ಬಂದ ವೇಳೆ, ಲೋಡು ಮುಗಿದ ವೇಳೆ, ಹೊರಟ ವೇಳೆ. ಮೂರಕ್ಕೂ ಚಾಲಕ ಮತ್ತು ಗೋದಾಮು ಪಾಲಕ ಇಬ್ಬರೂ ಸಹಿ ಹಾಕತಕ್ಕದ್ದು. ಮೊದಲನೆಯ ಮತ್ತು ಮೂರನೆಯ ಅಂಕಣಗಳ ನಡುವೆ ನಾಲ್ಕು ಗಂಟೆಗಿಂತ ಹೆಚ್ಚಿನ ಅಂತರ ಬಂದ ಚೀಟಿಗಳನ್ನು ತಿಂಗಳ ಕೊನೆಯಲ್ಲಿ ಆಡಳಿತ ಮಂಡಳಿಯ ಮುಂದೆ ಇಡಲಾಗುವುದು. ಸ್ವಂತ ಪಿಕಪ್ಪಿನಲ್ಲಿ ಮಾಲು ತರುವ ಸದಸ್ಯರು ಬಯಸಿದರೆ ಇದೇ ನಮೂನೆಯ ಪುಸ್ತಕವನ್ನು ಕಚೇರಿಯಿಂದ ಪಡೆದುಕೊಳ್ಳಬಹುದು.